ಸಾಣಾಪುರ ಕೆರೆಗೆ ಹೋಗೋಕೆ ಯಾವ ತಿಂಗಳು ಒಳ್ಳೆಯದು?

ಓದುಗರ ಪ್ರಶ್ನೆ: ಮೇ ತಿಂಗಳಲ್ಲಿ ಮಕ್ಕಳನ್ನು ಕರಕೊಂಡು ಸಾಣಾಪುರ ಕೆರೆಗೆ ಹೋಗಿದ್ದೆವು. ನೀರು ತಳ ಹಿಡಿದಿತ್ತು, ಫೋಟೊದಲ್ಲಿ ನೋಡಿದ ಹಾಗೆ ಇರಲೇ ಇಲ್ಲ. ಯಾವಾಗ ಹೋದರೆ ಚೆಂದ? ಆನೆಗೊಂದಿಯಿಂದ ಆ ರಸ್ತೆ ಅರ್ಧ ದಿನಕ್ಕೆ ಮುಗಿಯುತ್ತಾ?

ಉತ್ತರ: ಮಳೆ ನೋಡಿ ಹೊರಡಬೇಡಿ, ಕಾಲುವೆ ನೋಡಿ ಹೊರಡಿ.

ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಈ ಸಾಣಾಪುರದ್ದು ಮಳೆ ನೀರಿಗೆ ಕಾಯುವ ಊರ ಕೆರೆ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗುಡ್ಡಗಳ ನಡುವೆ ನಿಂತು ಮುಂದಕ್ಕೆ ಹೋಗುವ ಜಾಗ ಅದು. ಕಾಲುವೆ ಹರಿದರೆ ಕೆರೆ ತುಂಬಿರುತ್ತದೆ, ಕಾಲುವೆ ನಿಂತರೆ ಇಳಿಯುತ್ತದೆ. ಗಂಗಾವತಿಯಲ್ಲಿ ಒಂದು ಹನಿ ಬೀಳದಿದ್ದರೂ ಶಿವಮೊಗ್ಗದ ಕಡೆ ಚೆನ್ನಾಗಿ ಮಳೆಯಾಗಿ, ತುಂಗಾ ಮತ್ತು ಭದ್ರಾ ತುಂಬಿ ಬಂದು, ಮುನಿರಾಬಾದಿನ ಡ್ಯಾಮ್ ಏರಿದರೆ ಸಾಕು. ಆಮೇಲೆ ಐಸಿಸಿ ಸಭೆ ಆಗಬೇಕು. ಅದು ನೀರಾವರಿ ಸಲಹಾ ಸಮಿತಿ. ಕಾಲುವೆಗೆ ಯಾವತ್ತಿನಿಂದ ಯಾವತ್ತಿನವರೆಗೆ ಎಷ್ಟು ನೀರು ಬಿಡಬೇಕು ಅಂತ ಅಲ್ಲಿ ತೀರ್ಮಾನ ಆಗುತ್ತದೆ. ಆ ದಿನಗಳಲ್ಲಿ ನಮ್ಮ ಕಡೆ ಚಹಾದಂಗಡಿಯಲ್ಲಿ ಬೇರೆ ಮಾತೇ ಇರುವುದಿಲ್ಲ, "ನೀರು ಬಿಟ್ರಾ?" ಅನ್ನುವುದೊಂದೇ. ಗಂಗಾವತಿ, ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳೆಲ್ಲ ಈ ನೀರಿಗೇ ಕಾಯುತ್ತಿರುತ್ತವೆ. ನಿಮ್ಮ ಪ್ರವಾಸವೂ ಅಷ್ಟೇ.

ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ ಮೊದಲ ಬೆಳೆಗೆ ನೀರು ಬರುತ್ತದೆ. ಡ್ಯಾಮಿನಲ್ಲಿ ಸಾಕಷ್ಟು ಉಳಿದಿದ್ದರೆ ಎರಡನೇ ಬೆಳೆಗೂ ಬಿಡುತ್ತಾರೆ, ಆಗ ಬೇಸಿಗೆ ಶುರುವಾಗುವವರೆಗೂ ಕೆರೆ ತುಂಬಿಯೇ ಇರುತ್ತದೆ. ಇಲ್ಲದಿದ್ದರೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಇಲ್ಲಿಯ ರೈತರು ನಿದ್ದೆ ಮಾಡಲಿಲ್ಲ. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದರು, ವರ್ಷದ ಬೆಳೆ ಉಳಿಯಿತು. ಹಾಗಾಗಿ ಹೊರಡುವ ಮುಂಚೆ ಪೇಪರಿನ ಕೊಪ್ಪಳ ಪುಟದಲ್ಲಿ ಕಾಲುವೆ ಸುದ್ದಿ ಒಮ್ಮೆ ಓದಿ. ಹವಾಮಾನ ವರದಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ನೀವು ನೋಡಿದ್ದೇ ಕಾಣುವುದು. ಆಗ ದಡದ ಬಂಡೆಗಳ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ ಕಾಣುತ್ತದೆ, ಸುಣ್ಣ ಬಳಿದ ಹಾಗೆ. ನೀರು ತುಂಬಿದಾಗ ಅಲ್ಲಿವರೆಗೆ ನಿಂತಿರುತ್ತದೆ. ಮುಂದಿನ ಸಲ ಹೋದಾಗ ಆ ಗೆರೆ ಹುಡುಕಿ. ಅದು ಮುಳುಗಿದ್ದರೆ ಸರಿಯಾದ ಹೊತ್ತಿಗೆ ಬಂದಿದ್ದೀರಿ ಅಂತ.

ನನ್ನನ್ನು ಕೇಳಿದರೆ ಅಕ್ಟೋಬರ್. ಗದ್ದೆ ಇನ್ನೂ ಹಸಿರಾಗಿರುತ್ತದೆ, ಬಂಡೆಗಳ ಸಂದಿಯಲ್ಲಿ ಹುಲ್ಲು ಇರುತ್ತದೆ, ಕೆರೆ ತುಂಬಿರುತ್ತದೆ, ಸೀತಾಫಲವೂ ಬಂದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ತಂಪು ಜಾಸ್ತಿ, ಆದರೆ ಜನವೂ ಜಾಸ್ತಿ. ಅದರಲ್ಲೂ ಮಾಲೆ ಹಾಕಿದ ಹನುಮ ಭಕ್ತರು ಅಂಜನಾದ್ರಿ ಬೆಟ್ಟಕ್ಕೆ ಬಂದು ಮಾಲೆ ತೆಗೆಯುವ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಆ ಬೆಟ್ಟದ ಸುತ್ತ ಗಾಡಿ ಮುಂದಕ್ಕೆ ಹೋಗುವುದೇ ಕಷ್ಟ. ಶನಿವಾರ, ಭಾನುವಾರ ಬಿಟ್ಟು ಹೋಗಿ.

ಇನ್ನು ರಸ್ತೆ. ಗಂಗಾವತಿಯಿಂದ ಆನೆಗೊಂದಿ, ಅಲ್ಲಿಂದ ಅಂಜನಾದ್ರಿ, ಹನುಮನಹಳ್ಳಿ, ಸಾಣಾಪುರ, ಮುಂದೆ ಅಗಳಕೇರಾ, ಶಿವಪುರ ದಾಟಿ ಹುಲಿಗಿ. ಎಲ್ಲೂ ನಿಲ್ಲದೆ ಹೋದರೆ ಅರ್ಧ ದಿನ ಯಾಕೆ, ಗಂಟೆ ಒಂದರಲ್ಲಿ ಮುಗಿಯುತ್ತದೆ. ಹಾಗೆ ಮಾಡಬೇಡಿ. ಜನ ಕೆರೆಯ ಹತ್ತಿರ ಮಾತ್ರ ಇಳಿಯುತ್ತಾರೆ, ಹತ್ತು ಸೆಲ್ಫಿ ತೆಗೆದು ಹತ್ತುತ್ತಾರೆ. ಕಾಡು ಇರುವುದು ರಸ್ತೆಯ ಎರಡೂ ಕಡೆಯ ಕಲ್ಲಿನಲ್ಲಿ.

"ಈ ಬಂಡೆ ಒಂದರ ಮೇಲೊಂದು ಯಾರು ಇಟ್ಟಿದ್ದು?" ಅಂತ ಮಕ್ಕಳು ಕೇಳೇ ಕೇಳುತ್ತಾರೆ. ವಾಲಿ ಸುಗ್ರೀವರು ಎಸೆದಾಡಿದ್ದು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಕಿಷ್ಕಿಂಧೆ ಅಲ್ವಾ, ಆ ಕಥೆಯನ್ನೂ ಹೇಳಿ. ಜೊತೆಗೆ ಇದನ್ನೂ ಹೇಳಿ: ಇವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ರಾಮನಗರದ ಬೆಟ್ಟಗಳೂ ಇದೇ ಸಾಲಿನವು. ಎಲ್ಲಿಂದಲೋ ಉರುಳಿ ಬಂದ ಕಲ್ಲುಗಳಲ್ಲ, ಇದ್ದಲ್ಲೇ ಆದವು. ಒಂದೇ ದೊಡ್ಡ ಕಲ್ಲುಬೆಟ್ಟದಲ್ಲಿ ಉದ್ದಕ್ಕೆ, ಅಡ್ಡಕ್ಕೆ ಬಿರುಕು ಬಿಟ್ಟು, ಬಿರುಕಿಗೆ ನೀರು ಇಳಿದು, ಮೂಲೆಗಳು ಮೊದಲು ಸವೆದು, ಪುಡಿಯಾದ ಮಣ್ಣು ಕೊಚ್ಚಿಹೋಗಿ, ಗಟ್ಟಿ ಉಂಡೆಗಳು ಮಾತ್ರ ಉಳಿದವು. ಹತ್ತಿರದ ಒಂದು ಬಂಡೆ ಮುಟ್ಟಿ ನೋಡಿ. ಹೊರಗಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿರುತ್ತದೆ. ಸವೆಯುವ ಕೆಲಸ ಇನ್ನೂ ನಡೀತಾನೇ ಇದೆ.

ಆ ಸಂದಿಗಳಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಹಕ್ಕಿ. ಬೆಳಿಗ್ಗೆ ಎಂಟರೊಳಗೆ ಗಾಡಿ ಆಫ್ ಮಾಡಿ ಹತ್ತು ನಿಮಿಷ ಸುಮ್ನೆ ನಿಂತರೆ ಮೊದಲು ಕೂಗು ಕೇಳುತ್ತದೆ, ಆಮೇಲೆ ಪೊದೆಯಲ್ಲಿ ಹಳದಿ ಮಿಂಚುತ್ತದೆ. ಕರಡಿ, ಚಿರತೆಯೂ ಈ ಗುಡ್ಡಗಳಲ್ಲಿವೆ. 2020ರಲ್ಲಿ ಆನೆಗೊಂದಿ ಭಾಗದಲ್ಲಿ ಚಿರತೆ ದಾಳಿಗೆ ಒಂದು ಜೀವ ಹೋಗಿದೆ. ಕತ್ತಲಾದ ಮೇಲೆ ಬಂಡೆ ಹತ್ತಿ ಕೂರಬೇಡಿ.

ಕೆರೆಯಿಂದ ನದಿ ದೂರವೇನಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿತು. ನೀರುನಾಯಿ ಕಾಣುವುದು ಅದೃಷ್ಟ. ಆದರೆ ಅದರ ಗುರುತು ಕಾಣಬಹುದು. ಒಂದು ಬೆಳಿಗ್ಗೆ ನದಿಯಂಚಿನ ಚಪ್ಪಟೆ ಬಂಡೆಯ ಮೇಲೆ ಕರ್ರಗಿನ ಹಿಕ್ಕೆ ನೋಡಿದೆ. ಬಗ್ಗಿ ನೋಡಿದರೆ ತುಂಬಾ ಮೀನಿನ ಹುರುಪೆ, ಬಿಸಿಲಿಗೆ ಅಭ್ರಕದ ಹಾಗೆ ಹೊಳೆಯುತ್ತಿತ್ತು. ನಡುವೆ ಏಡಿ ಚಿಪ್ಪಿನ ಚೂರು. ನೀರುನಾಯಿಯನ್ನೇ ಕಂಡಷ್ಟು ಖುಷಿಯಾಯಿತು ನನಗೆ. ಅಂಥ ಬಂಡೆಯ ಮೇಲೆ ಬಿಯರ್ ಬಾಟಲಿ ಒಡೆದು ಹೋಗುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ತೆಪ್ಪ ಹತ್ತಬಹುದಾ ಅಂದರೆ ಹತ್ತಿ, ಲೈಫ್ ಜಾಕೆಟ್ ಹಾಕಿಕೊಂಡು. ಬಿದಿರು ಹೆಣೆದು ಡಾಂಬರು ಬಳಿದ ಬುಟ್ಟಿ ಅದು, ದಡದಲ್ಲಿ ಬೋರಲು ಹಾಕಿದ್ದಾಗ ಹತ್ತಿರ ಹೋದರೆ ಡಾಂಬರಿನ ವಾಸನೆ ಬರುತ್ತದೆ. ಈಜಲು ಮಾತ್ರ ಇಳಿಯಬೇಡಿ, ಕೆರೆಗೂ, ಕಾಲುವೆಗೂ, ನದಿಗೂ. ಮೇಲೆ ಶಾಂತವಾಗಿ ಕಂಡರೂ ಕಾಲುವೆಯಲ್ಲಿ ಸೆಳೆತ ಜೋರು, ನದಿಯ ಬಂಡೆಗಳ ಕೆಳಗೆ ಪೊಟರೆಗಳಿವೆ. ಬಂಡೆ ಮೇಲಿಂದ ನದಿಗೆ ಹಾರಿ ಜೀವ ಕಳಕೊಂಡವರು ಈಜು ಬಾರದವರಲ್ಲ.

ಹೊತ್ತಿನ ಲೆಕ್ಕ ಹೀಗಿಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಆನೆಗೊಂದಿ ಬಿಟ್ಟರೆ ಹನ್ನೊಂದರ ಹೊತ್ತಿಗೆ ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನ ಮಾಡಬಹುದು. ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಎದುರಿನ ಬಂಡೆಗಳೆಲ್ಲ ಬೆಳಕಿನಲ್ಲಿರುತ್ತವೆ. ನಡುಮಧ್ಯಾಹ್ನ ಬೇಡ, ಕಲ್ಲು ಕಾದು ಉಸಿರು ಬಿಡುತ್ತದೆ. ಸಂಜೆಯೇ ಆಗಬೇಕೆಂದರೆ ಮೂರೂವರೆಗೆ ಹುಲಿಗಿಯಿಂದ ಈ ಕಡೆ ಬನ್ನಿ. ಆಗಲೂ ಬಿಸಿಲು ಬೆನ್ನಿಗೇ ಇರುತ್ತದೆ, ಐದರ ಸುಮಾರಿಗೆ ಸಾಣಾಪುರ ಮುಟ್ಟಿದರೆ ಬಂಡೆಗಳು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿರುತ್ತವೆ.