ಮಿಲಿಷಿಯಾ: ಸೇನೆಯೂ ಅಲ್ಲ, ಅರೆಸೇನಾ ಪಡೆಯೂ ಅಲ್ಲ

ಸ್ವಾತಂತ್ರ್ಯದ ಹೊಸತರಲ್ಲಿ ಅಮೆರಿಕ ನಡೆಸಿದ ಗಡಿನಾಡಿನ ಯುದ್ಧಗಳ ಬಗ್ಗೆ ಬರೆಯುವವರು ‘ಮಿಲಿಷಿಯಾ’ ಪದವನ್ನು ಒಮ್ಮೆ ‘ಸೇನೆ’ ಎಂದೂ ಮತ್ತೊಮ್ಮೆ ‘ಅರೆಸೇನಾ ಪಡೆ’ ಎಂದೂ ಕನ್ನಡಿಸುವುದನ್ನು ಹಲವು ಸಲ ಕಂಡಿದ್ದೇನೆ. ವಿಸ್ಕಿಯ ಮೇಲಿನ ತೆರಿಗೆಯ ವಿರುದ್ಧ ಅಲ್ಲಿ ಎದ್ದ ವಿಸ್ಕಿ ದಂಗೆಯನ್ನು ‘ಕೇಂದ್ರ ಸೇನೆ’ ಹತ್ತಿಕ್ಕಿತು ಎಂಬ ವಾಕ್ಯವನ್ನು ಮೊನ್ನೆ ಮತ್ತೆ ಓದಿದ ಮೇಲೆ ಇಷ್ಟನ್ನು ಬರೆಯಲೇಬೇಕೆನ್ನಿಸಿತು.

ಪದದ ಹುಟ್ಟೇ ದಾರಿ ತಪ್ಪಿಸುವಂಥದ್ದು. ಲ್ಯಾಟಿನ್ನಿನಲ್ಲಿ ‘ಮಿಲೆಸ್’ ಎಂದರೆ ಯೋಧ. ಅದರಿಂದ ಹುಟ್ಟಿದ ‘ಮಿಲಿಷಿಯಾ’ಕ್ಕೆ ಸೈನಿಕ ಸೇವೆ ಎಂಬುದೇ ಮೂಲಾರ್ಥ, ‘ಮಿಲಿಟರಿ’ಯೂ ಅದೇ ಬಳ್ಳಿಯ ಕುಡಿ. ಆದರೆ ಇಂಗ್ಲಿಷಿನಲ್ಲಿ ಅದು ಕ್ರಮೇಣ ಸೈನಿಕ ವೃತ್ತಿಯವರಲ್ಲದ, ಅಗತ್ಯ ಬಿದ್ದಾಗ ಮಾತ್ರ ಆಯುಧ ಹಿಡಿದು ಬರಬೇಕಾದ ಊರಿನ ಗಂಡಸರಿಗೆ ಸಲ್ಲತೊಡಗಿತು; ವಲಸಿಗರು ಅಮೆರಿಕಕ್ಕೆ ಒಯ್ದದ್ದು ಈ ಅರ್ಥವನ್ನೇ. 18ರಿಂದ 45 ವರ್ಷದೊಳಗಿನ ದೃಢಕಾಯ ಬಿಳಿಯ ಪುರುಷ ನಾಗರಿಕರೆಲ್ಲ ಇದಕ್ಕೆ ಸೇರಬೇಕು, ಬಂದೂಕನ್ನು ತಾವೇ ಹೊಂದಿಸಿಕೊಳ್ಳಬೇಕು ಎಂದು 1792ರ ಕಾಯಿದೆ ಹೇಳಿತು. ವರ್ಷವಿಡೀ ಸರ್ಕಾರಿ ಸಂಬಳ ಪಡೆಯುವ ಅರೆಸೇನಾ ಪಡೆಗೂ ಇದಕ್ಕೂ ಎಲ್ಲಿಯ ಸಂಬಂಧ?

ಈ ಭೇದವನ್ನು ಅಳಿಸಿದರೆ ಇತಿಹಾಸವೇ ಮಸುಕಾಗುತ್ತದೆ. 1784ರಲ್ಲಿ ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ ಖಾಯಂ ಸೇನೆಯನ್ನು 80 ಜನಕ್ಕೆ ಇಳಿಸಿತ್ತು. 1791ರಲ್ಲಿ ಅಮೆರಿಕದ ಜನರಲ್ ಆರ್ಥರ್ ಸೇಂಟ್ ಕ್ಲೇರ್ ಓಹಾಯೊ ನದಿಯ ಉತ್ತರಕ್ಕೆ ನಡೆಸಿದ ದಂಡಿನಲ್ಲಿ ಖಾಯಂ ಸೈನಿಕರು, ಆರು ತಿಂಗಳಿಗೆಂದು ಭರ್ತಿಯಾದವರು ಮತ್ತು ಕೆಂಟಕಿಯ ಮಿಲಿಷಿಯಾ ಎಂಬ ಮೂರು ಬಗೆಯವರಿದ್ದರು. ತಮ್ಮ ನೆಲವನ್ನು ಉಳಿಸಿಕೊಳ್ಳಲು ಲಿಟಲ್ ಟರ್ಟಲ್ ಮತ್ತು ಬ್ಲೂ ಜಾಕೆಟ್ ಮುಂದಾಳತ್ವದಲ್ಲಿ ಒಂದಾಗಿದ್ದ ಮಯಾಮಿ, ಶಾನಿ ಮೊದಲಾದ ಮೂಲನಿವಾಸಿ ಜನರು ನವೆಂಬರ್ 4ರ ಬೆಳಗ್ಗೆ ಎರಗಿದಾಗ, ಹೊಳೆಯಾಚೆ ಬೀಡುಬಿಟ್ಟಿದ್ದ ಮಿಲಿಷಿಯಾ ಚದುರಿ ಮುಖ್ಯ ಶಿಬಿರದೊಳಗೇ ನುಗ್ಗಿತು. ಆ ದಿನ ಸೇಂಟ್ ಕ್ಲೇರ್ ದಂಡಿನಲ್ಲಿ ಸತ್ತವರು 600ಕ್ಕೂ ಹೆಚ್ಚು. ಎಲ್ಲರನ್ನೂ ‘ಸೈನಿಕರು’ ಎಂದು ಬರೆದವರು, ಖಾಯಂ ಸೇನೆಗೆ ಹೆದರುತ್ತಿದ್ದ ಕಾಂಗ್ರೆಸ್ ಮರುವರ್ಷವೇ ಅದನ್ನು ಹಿಗ್ಗಿಸಲು ಒಪ್ಪಿದ್ದೇಕೆಂದು ಹೇಗೆ ವಿವರಿಸಿಯಾರು?

ಹಾಗೆ ರೂಪುಗೊಂಡ, ಜನರಲ್ ಆಂಥನಿ ವೇಯ್ನ್ ಪಳಗಿಸಿದ ಸೇನೆ 1794ರ ಆಗಸ್ಟ್ 20ರಂದು ಫಾಲನ್ ಟಿಂಬರ್ಸ್‌ನಲ್ಲಿ ಅದೇ ಮೂಲನಿವಾಸಿಗಳ ವಿರುದ್ಧ ಗೆದ್ದಿತು. ಅದೇ ವರ್ಷ ಪಶ್ಚಿಮ ಪೆನ್ಸಿಲ್ವೇನಿಯಾದ ವಿಸ್ಕಿ ದಂಗೆಯ ಮೇಲೆ ಹೋದ ಸುಮಾರು 13,000 ಜನರೇ ಬೇರೆ: ಸಾಮಾನ್ಯ ಕ್ರಮದಲ್ಲಿ ಅಲ್ಲಿ ಕಾನೂನು ನಡೆಯುತ್ತಿಲ್ಲವೆಂದು ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್ ದೃಢೀಕರಿಸಿದ ಬಳಿಕ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ನಾಲ್ಕು ರಾಜ್ಯಗಳಿಂದ ಕರೆಸಿದ ಮಿಲಿಷಿಯಾದವರು ಅವರು. ಅವರನ್ನು ‘ಒಕ್ಕೂಟದ ಸೇವೆಗೆ ಕರೆಸಿದ ರಾಜ್ಯಗಳ ಮಿಲಿಷಿಯಾ’ ಎಂದೇ ಬರೆಯಬೇಕು, ವಾಕ್ಯ ಉದ್ದವಾದರೂ ಸರಿಯೆ.