ಸ್ಟಾರ್ಟ್ ಬ್ಯಾಟರಿಗೆ ಹಸಿವು ಕಮ್ಮಿ

ಬೆಳಗ್ಗೆಯೇ ದೋಣಿಯವರ ಫೋನ್ ಬರುತ್ತದೆ. "ಎಂಜಿನ್ ಸ್ಟಾರ್ಟೇ ಆಗ್ತಿಲ್ಲ ಸಾರ್, ಬರೀ ಟಕ್ ಟಕ್ ಅಂತಿದೆ." ನಾನು ಮೊದಲು ಕೇಳುವುದು ಒಂದೇ: ರಾತ್ರಿ ಸ್ವಿಚ್ ಎಲ್ಲಿತ್ತು?

ಹಾಯಿದೋಣಿಯಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್ ಎಬ್ಬಿಸಲು, ಅದು ಸ್ಟಾರ್ಟ್ ಬ್ಯಾಟರಿ; ಇನ್ನೊಂದು ದೀಪ, ಫ್ರಿಜ್, ಪಂಪಿಗೆ, ಅದು ಹೌಸ್ ಬ್ಯಾಟರಿ. ನಡುವಿನ ಸ್ವಿಚ್ಚನ್ನು 'ಬೋತ್'ನಲ್ಲಿ, ಅಂದರೆ ಎರಡೂ ಜೋಡಿಯಾಗಿರುವಂತೆ, ಬಿಟ್ಟು ಮಲಗಿದರೆ ಫ್ರಿಜ್ ಎರಡನ್ನೂ ತಿಂದು ಹಾಕುತ್ತದೆ. ಎಂಜಿನ್ ಓಡುವಾಗ ಸ್ವಿಚ್ಚನ್ನು 'ಆಫ್' ಮಾಡಿದರಂತೂ, ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗಬಹುದು.

ಲೆಕ್ಕ ನೋಡಿ. ಎಂಜಿನ್ ಎಬ್ಬಿಸಲು 300 ಆಂಪಿಯರ್ ಬೇಕು ಅಂದುಕೊಳ್ಳಿ, ಆದರೆ ಮೂರೇ ಸೆಕೆಂಡ್. ಒಟ್ಟು ಖರ್ಚು ಕಾಲು ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಫ್ರಿಜ್ ಒಂದೇ ದಿನಕ್ಕೆ 50 ಆಂಪಿಯರ್-ಅವರ್ ನುಂಗಬಹುದು. ಹಸಿದವರಿಗೆ ತಾನೇ ಮೊದಲು ಬಡಿಸಬೇಕು? ಆದರೂ ಎಷ್ಟೋ ದೋಣಿಗಳಲ್ಲಿ ಆಲ್ಟರ್ನೇಟರಿನ ದಪ್ಪ ವಯರ್ ಸೀದಾ ಸ್ಟಾರ್ಟ್ ಬ್ಯಾಟರಿಗೇ ಹೋಗಿರುತ್ತದೆ. ನಾನು ಅದನ್ನು ಹೌಸ್ ಬ್ಯಾಟರಿಗೆ ತಿರುಗಿಸಿ, ಎರಡರ ನಡುವೆ ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಕೂರಿಸುತ್ತೇನೆ. ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3ಕ್ಕೆ ಏರಿದರೆ ಅದು ಎರಡನ್ನೂ ಜೋಡಿಸುತ್ತದೆ, ಎಂಜಿನ್ ನಿಂತು 12.8ಕ್ಕೆ ಇಳಿದರೆ ಬೇರೆ ಮಾಡುತ್ತದೆ. ಯಾರೂ ಸ್ವಿಚ್ ನೆನಪಿಟ್ಟುಕೊಳ್ಳಬೇಕಿಲ್ಲ.

ಕೊಚ್ಚಿಯಲ್ಲಿ ನೋಡಿದ ಒಂದು 36 ಅಡಿಯ ದೋಣಿಯಲ್ಲಿ ರಿಲೇ ಬದಲು ಹಳೇ ಕಾಲದ ಡಯೋಡ್ ಐಸೊಲೇಟರ್ ಇತ್ತು: ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳಿಂದ ಎರಡು ಬ್ಯಾಟರಿಗಳನ್ನು ಬೇರೆ ಇಡುವ ಪೆಟ್ಟಿಗೆ. ಯಜಮಾನರು ಆಗಲೇ ಎರಡು ಸಲ ಹೌಸ್ ಬ್ಯಾಟರಿ ಬದಲಿಸಿದ್ದರು. ಎಂಜಿನ್ ಓಡಿಸಿ ಮಲ್ಟಿಮೀಟರ್ ಹಿಡಿದೆ. ಆಲ್ಟರ್ನೇಟರಿನಲ್ಲಿ 14.3, ಬ್ಯಾಟರಿಯಲ್ಲಿ 13.6. ಮಿಕ್ಕ 0.7 ವೋಲ್ಟ್ ಡಯೋಡಿನ ಪಾಲು. ಬ್ಯಾಟರಿ ಯಾವತ್ತೂ ಹೊಟ್ಟೆ ತುಂಬ ಉಂಡೇ ಇರಲಿಲ್ಲ, ಒಳಗೆ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿತ್ತು. ಆಲ್ಟರ್ನೇಟರಿನ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರಿನ ಸೆನ್ಸ್ ವಯರನ್ನು, ಅಂದರೆ ಅದು ವೋಲ್ಟೇಜ್ ಅಳೆಯುವ ವಯರನ್ನು, ಹೌಸ್ ಬ್ಯಾಟರಿಯ ತುದಿಗೇ ತಂದು ಕಟ್ಟಿದೆ; ಡಯೋಡ್ ತಿಂದಷ್ಟನ್ನು ಅದು ತಾನೇ ಏರಿಸಿ ಕೊಡುತ್ತದೆ. ಖರ್ಚು ಮೂರು ಮೀಟರ್ ವಯರ್, ಒಂದು ಫ್ಯೂಸ್. ಅವರ ಮುಖ ನೋಡಬೇಕಿತ್ತು.

ಹೌಸ್ ಬ್ಯಾಟರಿ ಲಿಥಿಯಂ ಆದರೆ ಮಾತ್ರ ನನ್ನ ಮಾತು ಉಲ್ಟಾ. ಅದು ಸುಮ್ನೆ ಕೂತಾಗಲೂ 13.3 ವೋಲ್ಟ್ ಆಸುಪಾಸು ಇರುತ್ತದೆ, ರಿಲೇಗೆ ಎಂಜಿನ್ ನಿಂತದ್ದೇ ಗೊತ್ತಾಗುವುದಿಲ್ಲ. ಕೊಟ್ಟಷ್ಟೂ ಕರೆಂಟ್ ಎಳೆದು ಆಲ್ಟರ್ನೇಟರ್ ಕಾಯಿಸಿಬಿಡುತ್ತದೆ. ಅಲ್ಲಿ ಆಲ್ಟರ್ನೇಟರನ್ನು ಸ್ಟಾರ್ಟ್ ಬ್ಯಾಟರಿಗೇ ಬಿಟ್ಟು, ಲಿಥಿಯಂಗೆ ಡಿಸಿ-ಡಿಸಿ ಚಾರ್ಜರ್, ಅಂದರೆ ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಮಿತಿಯಲ್ಲಿ ಕರೆಂಟ್ ಕೊಡುವ ಚಾರ್ಜರ್, ಹಾಕಿಸಿ.

ಲೆಡ್ ಬ್ಯಾಟರಿಯವರು ಕೊನೆಯ 20 ಪರ್ಸೆಂಟ್ ತುಂಬಿಸಲು ಎಂಜಿನ್ ಓಡಿಸುತ್ತಾ ಕೂರಬೇಡಿ. ಅದಕ್ಕೆ ಗಂಟೆಗಟ್ಟಲೆ ಬೇಕು, ಡೀಸೆಲ್ ದಂಡ. ಆ ಕೆಲಸ ಸೋಲಾರ್ ಪ್ಯಾನಲ್ ಮಾಡಲಿ.