ಮುಖ ಮೊದಲು, ಮಾತು ಆಮೇಲೆ

1960ರ ಸೆಪ್ಟೆಂಬರ್ 26. ಶಿಕಾಗೋದ ಒಂದು ಟೀವಿ ಸ್ಟುಡಿಯೋ. ಅಮೆರಿಕದ ಅಧ್ಯಕ್ಷ ಚುನಾವಣೆಯ ಇಬ್ಬರು ಅಭ್ಯರ್ಥಿಗಳ ಚರ್ಚೆ. ರಿಚರ್ಡ್ ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ, ಸುಮಾರು ಎರಡು ವಾರಗಳ ಹಿಂದಷ್ಟೇ ಎದ್ದು ಬಂದಿದ್ದರು. ತೂಕ ಇಳಿದು ಅಂಗಿಯ ಕಾಲರ್ ಸಡಿಲವಾಗಿತ್ತು. ಬೂದು ಸೂಟು ಹಿಂದಿನ ಗೋಡೆಯಲ್ಲೇ ಕರಗಿದಂತಿತ್ತು. ಸರಿಯಾದ ಮೇಕಪ್ ಬೇಡ ಅಂದಿದ್ದರು. ದೀಪಗಳ ಕಾವಿಗೆ ಗಲ್ಲದ ಮೇಲೆ ಬೆವರು ಮಿನುಗಿತು. ಎದುರಾಳಿ ಜಾನ್ ಕೆನಡಿ ಕಡುಬಣ್ಣದ ಸೂಟು ಹಾಕಿ, ಕ್ಯಾಮೆರಾವನ್ನೇ ನೋಡಿ ಮಾತಾಡಿದರು. ಸುಮಾರು 7 ಕೋಟಿ ಅಮೆರಿಕನ್ನರು ಇಬ್ಬರನ್ನೂ ನೋಡುತ್ತಿದ್ದರು.

ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದರು ಅನಿಸಿತಂತೆ ಅನ್ನೋ ಮಾತು ಅಂದಿನಿಂದ ಓಡಾಡುತ್ತಲೇ ಇದೆ. ಆಗಿನ ಪುರಾವೆ ಮಾತ್ರ ಬಹಳ ತೆಳು. ಜೇಮ್ಸ್ ಡ್ರಕ್‌ಮನ್ ಎಂಬ ರಾಜಕೀಯ ವಿಜ್ಞಾನಿ ಸುಮ್ಮನಿರದೆ ಇದನ್ನು ಪರೀಕ್ಷಿಸಿದರು. ಆ ಚರ್ಚೆಯ ಬಗ್ಗೆ ಹೆಚ್ಚೇನೂ ಗೊತ್ತಿಲ್ಲದ 171 ಜನರನ್ನು ಸೇರಿಸಿ, ಕೆಲವರಿಗೆ ಅದನ್ನು ತೋರಿಸಿದರು, ಉಳಿದವರಿಗೆ ಬರೀ ಕೇಳಿಸಿದರು. ಕೆನಡಿ ಗೆದ್ದರು ಅಂದವರು ಕೇಳಿದವರಿಗಿಂತ ನೋಡಿದವರಲ್ಲೇ ಜಾಸ್ತಿ. ಅಷ್ಟೇ ಅಲ್ಲ, ನೋಡಿದವರು ವ್ಯಕ್ತಿಯ ಗುಣವನ್ನು ಕೇಳಿದವರಿಗಿಂತ ಹೆಚ್ಚಾಗಿ ತೂಗಿ ತೀರ್ಪು ಕೊಟ್ಟಿದ್ದರು. ಮಾತು ಅದೇ, ದನಿ ಅದೇ. ಬದಲಾಗಿದ್ದು ಚಿತ್ರ ಒಂದೇ.

ಇನ್ನೂ ಬೆರಗಿನ ಪ್ರಯೋಗ ಮನೋವಿಜ್ಞಾನಿ ಅಲೆಕ್ಸಾಂಡರ್ ತೊದೊರೊವ್ ಮತ್ತು ಸಂಗಡಿಗರದ್ದು. 2005ರಲ್ಲಿ ಪ್ರಕಟವಾಯಿತು. ಅಮೆರಿಕದ ಸಂಸತ್ತಿನ ಮೇಲ್ಮನೆ ಸೆನೆಟ್‌ನ ಚುನಾವಣೆಗೆ ನಿಂತಿದ್ದ ಇಬ್ಬಿಬ್ಬರ ಫೋಟೋ ಪಕ್ಕಪಕ್ಕ ಇಟ್ಟು, ಇವರಲ್ಲಿ ಯಾರು ಸಮರ್ಥರಂತೆ ಕಾಣುತ್ತಾರೆ ಎಂದು ಕೇಳಿದರು. ಹೆಸರಿಲ್ಲ, ಪಕ್ಷವಿಲ್ಲ. ಒಂದೇ ಸೆಕೆಂಡು ನೋಡಿದರೂ ಸಾಕಾಯಿತು. ಸುಮಾರು 70 ಶೇಕಡಾ ಸ್ಪರ್ಧೆಗಳಲ್ಲಿ, ಜನ ಬೆರಳು ತೋರಿಸಿದವರೇ ನಿಜದಲ್ಲೂ ಗೆದ್ದಿದ್ದರು!

ದೇವರ ಹಿಂದೆ ಪ್ರಭಾವಳಿ ಇರುತ್ತದಲ್ವಾ, ನಮ್ಮ ಮನಸ್ಸೂ ಅಂಥದ್ದೊಂದನ್ನು ಕಟ್ಟುತ್ತದೆ. ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಗುರುತಿಸಿದ್ದರು. ಸೈನಿಕರ ಮೈಕಟ್ಟು, ಬುದ್ಧಿ, ನಾಯಕತ್ವಕ್ಕೆ ಬೇರೆಬೇರೆಯಾಗಿ ಅಂಕ ಕೊಡಿ ಎಂದರೆ, ಒಂದರಲ್ಲಿ ಚೆನ್ನಾಗಿ ಕಂಡವನಿಗೆ ಅಧಿಕಾರಿಗಳು ಎಲ್ಲದರಲ್ಲೂ ಧಾರಾಳವಾಗಿ ಕೊಟ್ಟಿದ್ದರು.

ಇದಕ್ಕೆ ಪರಿಚಯ ಸೇರಿದರೆ ಇನ್ನೂ ಗಟ್ಟಿ. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1954ರಿಂದ 1962ರವರೆಗೆ ಟೀವಿ ನಿರೂಪಕರಾಗಿ ಜನರ ಮನೆಯೊಳಗೆ ಬರುತ್ತಿದ್ದರು. ಡೊನಾಲ್ಡ್ ಟ್ರಂಪ್ 2004ರಿಂದ ರಿಯಾಲಿಟಿ ಶೋದಲ್ಲಿ ಖಡಕ್ ಯಜಮಾನರಾಗಿ ಬಂದರು. ವಾರವಾರ ನೋಡಿದ ಮುಖವನ್ನು ಮನಸ್ಸು ಪರಿಚಯದವರ ಸಾಲಿಗೆ ಸೇರಿಸಿಬಿಡುತ್ತದೆ. ಪರಿಚಯದವರು ಹೇಳಿದ್ದನ್ನು ನಾವು ಬೇಗ ನಂಬುತ್ತೇವೆ.

ನನ್ನನ್ನು ಕಾಡುವುದು ಇದರ ಮುಂದಿನ ಹೆಜ್ಜೆ. ರಾಜಕೀಯ ವಿಜ್ಞಾನಿಗಳಾದ ಮೈಕೆಲ್ ಬಾರ್ಬರ್ ಮತ್ತು ಜೆರೆಮಿ ಪೋಪ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ನೀತಿಗೆ ಟ್ರಂಪ್ ಬೆಂಬಲ ಇದೆ ಎಂದು ಕೆಲವರಿಗೆ, ವಿರೋಧ ಇದೆ ಎಂದು ಇನ್ನು ಕೆಲವರಿಗೆ ಹೇಳಿದರು. ಟ್ರಂಪ್ ಪಕ್ಷದವರಾದ ಅನೇಕ ರಿಪಬ್ಲಿಕನ್ನರು ನಾಯಕ ವಾಲಿದ ಕಡೆಗೇ ವಾಲಿದರು, ಎಡಕ್ಕಾದರೂ ಸರಿ, ಬಲಕ್ಕಾದರೂ ಸರಿ. ನಾಯಕನನ್ನು ಮೊದಲು ಒಪ್ಪಿ, ಅಭಿಪ್ರಾಯವನ್ನು ಆಮೇಲೆ ಅವನಿಂದಲೇ ಪಡೆಯುವುದು ಅಂದರೆ ಇದು.

ಪೆಟ್ರೋಲ್ ದರವನ್ನು ಜೇಬು ಹೇಳುತ್ತದೆ. ಅದಕ್ಕೆ ಯಾವ ನಾಯಕನೂ ಬೇಡ. ವಿದೇಶಾಂಗ ನೀತಿಗೆ ಅಂಥ ಅಳತೆಗೋಲು ಸಾಮಾನ್ಯ ಮತದಾರನ ಕೈಯಲ್ಲಿಲ್ಲ. ಸಾವಿರಾರು ಮೈಲಿ ದೂರದ ದೇಶದ ವಿಷಯದಲ್ಲಿ ನಾಯಕನ ಮುಖ, ದನಿ, ಧೈರ್ಯದ ಭಂಗಿಯೇ ಸಾಕ್ಷಿಯಾಗಿಬಿಡುತ್ತದೆ.

ಕೆನಡಿ, ನಿಕ್ಸನ್ 1960ರ ಅಕ್ಟೋಬರ್‌ನಲ್ಲಿ ಮತ್ತೆ ಎದುರಾದಾಗ ಮಾತು ಕ್ವಿಮಾಯ್, ಮಾತ್ಸು ದ್ವೀಪಗಳಿಗೆ ತಿರುಗಿತು. ಚೀನಾ ಕರಾವಳಿಗೆ ಅಂಟಿಕೊಂಡಂತಿರುವ, ತೈವಾನ್ ಹಿಡಿತದ ಪುಟ್ಟ ದ್ವೀಪಗಳು. ಅವನ್ನು ಕಾಯುವುದು ಕಷ್ಟ ಅಂದರು ಕೆನಡಿ. ಜಾಗ ಚಿಕ್ಕದಾದರೂ ತತ್ವ ದೊಡ್ಡದು, ಬಿಡಬಾರದು ಅಂದರು ನಿಕ್ಸನ್. ವಾರಗಟ್ಟಲೆ ನಡೆದ ಆ ಜಗಳದಲ್ಲಿ ಯಾರು ಗಟ್ಟಿಗ, ಯಾರು ಪುಕ್ಕಲ ಅನ್ನುವುದೇ ಮುಂದೆ ಬಂತು. ದ್ವೀಪದ ಜನರ ಬದುಕು ಹಿಂದೆ ಬಿತ್ತು.

ಅತ್ತ ಕ್ವಿಮಾಯ್ ಮೇಲೆ 1958ರಿಂದ ಚೀನಾದ ಶೆಲ್‌ಗಳು ಬೀಳುತ್ತಿದ್ದವು. ಮೊದಲು ಬಿಡುವಿಲ್ಲದೆ, ಆಮೇಲೆ ದಿನ ಬಿಟ್ಟು ದಿನ, 1979ರವರೆಗೆ. ಬಿದ್ದ ಶೆಲ್‌ಗಳ ಉಕ್ಕನ್ನು ಕಾಸಿ, ಬಡಿದು, ಅಲ್ಲಿನ ಕಮ್ಮಾರರು ಅಡುಗೆಮನೆಯ ಚಾಕು ಮಾಡಿದರು. ಒಂದು ಶೆಲ್‌ನಿಂದ ಹತ್ತಾರು ಚಾಕು.